ಡ್ರೈಯರಿನ ಬಿಸಿ ಬರೆದಿಡುವ ಯುಎಸ್‌ಬಿ ಕಡ್ಡಿ – ಬಿಚ್ಚಿ ನೋಡಿದಾಗ

ನಮ್ಮದು ಬೆಳ್ತಂಗಡಿ ತಾಲೂಕು, ಘಟ್ಟದ ಬುಡ. ಅಡಿಕೆ ತೋಟದ ನಡುವೆ ನೂರಿಪ್ಪತ್ತು ಜಾಯಿಕಾಯಿ ಮರ ಉಂಟು. ಜಾಯಿಕಾಯಿ ಬೆಳೆದವರಿಗೆ ಗೊತ್ತು, ಅದು ಬಿರಿದು ಬೀಳುವುದು ಸರಿಯಾಗಿ ಜೂನಿನಿಂದ ಆಗಸ್ಟ್ ಒಳಗೆ. ಅಡಿಕೆಯನ್ನಾದರೆ ಬಿಸಿಲು ಬರುವವರೆಗೆ ಹೇಗೋ ಸುಧಾರಿಸಬಹುದು. ಜಾಯಿಕಾಯಿ ಕಾಯುವುದಿಲ್ಲ. ಎರಡು ದಿನ ಹಸಿಯಾಗಿ ಬಿದ್ದರೆ ಬೂಸಲು. ಹಾಗಾಗಿ ಕಟ್ಟಿಗೆ ಉರಿಸುವ ಡ್ರೈಯರ್ ಬೇಕೇ ಬೇಕು. ನಮ್ಮದು ಫ್ಯಾನ್ ಇಲ್ಲದ್ದು, ಬಿಸಿಗಾಳಿ ತಾನಾಗಿ ಟ್ರೇಗಳ ಎಡೆಯಿಂದ ಮೇಲೇರುತ್ತದೆ. ಗೆರಟೆ, ಅಡಿಕೆ ಸಿಪ್ಪೆ, ಒಣ ಕಟ್ಟಿಗೆ ಎಲ್ಲ ನಡೆಯುತ್ತದೆ.

ಒಣಗಿಸುವಾಗ ಬಿಸಿ 45 ಡಿಗ್ರಿ ದಾಟಬಾರದು. ಜಾಯಿಕಾಯಿಯಲ್ಲಿ ಕೊಬ್ಬು ಧಾರಾಳ. ಅದಕ್ಕಿಂತ ಮೇಲೆ ಹೋದರೆ ಕೊಬ್ಬು ಕರಗಲು ತೊಡಗುತ್ತದೆ. ಹೊರಗಿನ ಚಿಪ್ಪು ನೋಡಿದರೆ ಏನೂ ಗೊತ್ತಾಗದು. ಅಲ್ಲಾಡಿಸಿದರೆ ಒಳಗೆ ಗಡಗಡ ಶಬ್ದವೂ ಚೆನ್ನಾಗಿಯೇ ಬರುತ್ತದೆ. ಒಡೆದು ನೋಡಿದಾಗ ಮಾತ್ರ ಬೀಜ ಎಣ್ಣೆ ಬಿಟ್ಟು ಕಪ್ಪಾಗಿರುತ್ತದೆ. ಅಂಗಡಿಯವರು ಒಡೆದು ನೋಡದೆ ಬಿಡುವುದಿಲ್ಲ. ಕಡಿಮೆ ಬಿಸಿಯಾದರೆ ಮತ್ತೆ ಬೂಸಲು. ಅಂತೂ 40 ಮತ್ತು 45ರ ನಡುವಿನ ಐದು ಡಿಗ್ರಿಯೊಳಗೆ ರಾತ್ರಿ ಹಗಲು ಬೆಂಕಿ ಹಿಡಿದಿಟ್ಟುಕೊಳ್ಳಬೇಕು.

ಹಗಲು ಆಗುತ್ತದೆ. ಬಾಗಿಲಿಗೆ ಸಿಕ್ಕಿಸಿದ ಗಾಜಿನ ಥರ್ಮಾಮೀಟರ್ ನೋಡಿಕೊಂಡು ಕಟ್ಟಿಗೆ ಎಳೆದರಾಯಿತು. ರಾತ್ರಿ ಏನಾಗುತ್ತದೆಂದು ಯಾರಿಗೆ ಗೊತ್ತು? ನಮ್ಮಲ್ಲಿ ರಾತ್ರಿ ಒಂಬತ್ತರಿಂದ ಒಂದರವರೆಗೆ ಚಿಕ್ಕಪ್ಪ, ಒಂದರಿಂದ ಬೆಳಗಿನವರೆಗೆ ನಾನು. ಬೆಳಗ್ಗೆ ಟ್ರೇ ತೆಗೆದಾಗ ಕೆಲವು ದಿನ ಕಾಯಿ ಎಣ್ಣೆ ಬಿಟ್ಟಿರುತ್ತಿತ್ತು. ಯಾವ ಹೊತ್ತಿಗೆ ಬಿಸಿ ಏರಿತು ಎಂದು ತಿಳಿಯುವ ದಾರಿ ಇರಲಿಲ್ಲ. ಅದಕ್ಕಾಗಿ 2021ರಲ್ಲಿ ಪೆನ್‌ಡ್ರೈವ್‌ನಂತೆ ಕಾಣುವ ಒಂದು ಯುಎಸ್‌ಬಿ ಟೆಂಪರೇಚರ್ ಲಾಗರ್ ತರಿಸಿದೆ. ಈ ಬರಹ ಆ ಕಡ್ಡಿಯ ಬಗ್ಗೆ. ಅದನ್ನು ತಪ್ಪಾಗಿ ಓದಿ ನಾನು ಮಾಡಿಕೊಂಡ ಎಡವಟ್ಟಿನ ಬಗ್ಗೆಯೂ.

ಬಿಚ್ಚಿದರೆ ಎರಡೇ ಸಾಮಾನು

ಕಡ್ಡಿಯ ಜಾತಿಯ ಹೆಸರು ಟೆಂಪರ್. ಜತೆಗೆ ಬಂದ ಸಿಡಿ ವಿಂಡೋಸ್ ಇದ್ದವರಿಗೆ. ಡ್ರೈಯರಿನ ಕೊಟ್ಟಿಗೆಯಲ್ಲಿ ಇಡಲು ನನ್ನಲ್ಲಿದ್ದದ್ದು ಎಟಿಎಂ ಕಾರ್ಡಿನಷ್ಟಗಲದ ಹಳೆಯ ರಾಸ್ಪ್‌ಬೆರಿ ಪೈ ಬೋರ್ಡು, ಅದರಲ್ಲಿ ಲಿನಕ್ಸ್. ಮೊಬೈಲ್ ಚಾರ್ಜರಿನ ಕರೆಂಟು ಸಾಕು. ಸಿಡಿ ನಡೆಯದ ಕಾರಣ ಕಡ್ಡಿಯ ಭಾಷೆಯನ್ನು ನಾವೇ ಕಲಿಯಬೇಕಾಯಿತು. ನಾವು ಎಂದರೆ ನಾನು ಮತ್ತು ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ. ನನಗೆ ಚಿಕ್ಕಂದಿನಿಂದ ರೇಡಿಯೋ ಬಿಚ್ಚುವ ಚಟ ಇದ್ದದ್ದು ಪ್ರಯೋಜನಕ್ಕೆ ಬಂತು.

ಹೊರ ಕವಚ ಉಗುರು ಹಾಕಿ ಎಬ್ಬಿಸಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ಹೆಬ್ಬೆರಳಿನಷ್ಟುದ್ದದ ಹಸಿರು ಹಲಗೆ. ಅದರಲ್ಲಿ ಹೇಳಿಕೊಳ್ಳುವಂಥ ಸಾಮಾನು ಎರಡೇ. ಒಂದು ಯುಎಸ್‌ಬಿ ಮಾತಾಡಬಲ್ಲ ಪುಟ್ಟ ಪ್ರೊಸೆಸರ್. ಇನ್ನೊಂದು ಎಂಟು ಕಾಲಿನ ಬಿಸಿ ಅಳೆಯುವ ಐಸಿ. ಈ ಎಂಟು ಕಾಲಿನದ್ದು ಎಲ್‌ಎಂ75 ಎಂಬ ಪ್ರಸಿದ್ಧ ಐಸಿಯ ವಂಶದ್ದು. ಮೂಲದ ಎಲ್‌ಎಂ75 ಅರ್ಧ ಡಿಗ್ರಿಯ ಮೆಟ್ಟಿಲಲ್ಲಿ ಅಳೆಯುತ್ತದೆ. ಅದರ ನಂತರ ಬಂದ ಕೆಲವು ತಮ್ಮಂದಿರು ಒಂದು ಡಿಗ್ರಿಯನ್ನು 16 ಪಾಲು ಮಾಡಿ ಹೇಳುತ್ತವೆ. ನನ್ನ ಕಡ್ಡಿಯಲ್ಲಿದ್ದದ್ದು ಅಂಥದ್ದು.

ಇಲ್ಲಿ ಒಂದು ಮಾತು. ಡಿಗ್ರಿಯನ್ನು ಹದಿನಾರು ಪಾಲು ಮಾಡಿ ಹೇಳುತ್ತದೆ ಎಂದ ಮಾತ್ರಕ್ಕೆ ಅಷ್ಟು ಸರಿಯಾಗಿ ಅಳೆಯುತ್ತದೆ ಎಂದಲ್ಲ. ಮೂಲ ಎಲ್‌ಎಂ75ಕ್ಕೆ ಕಂಪೆನಿಯೇ ಕೊಟ್ಟ ಭರವಸೆ ನಮ್ಮ ಕೆಲಸದ ಬಿಸಿಯಲ್ಲಿ ಎರಡು ಡಿಗ್ರಿ ಆಚೆ ಈಚೆ. ತಕ್ಕಡಿಯಲ್ಲಿ ಗ್ರಾಮಿನ ಗೆರೆ ಇದ್ದರೂ ಅದು ಹತ್ತು ಗ್ರಾಮು ತಪ್ಪಬಹುದಲ್ಲ, ಹಾಗೆ. ನಮಗೆ ಬೇಕಾದ್ದು ಐದು ಡಿಗ್ರಿಯ ಕಿಂಡಿ. ಅದರಲ್ಲಿ ಎರಡು ಡಿಗ್ರಿ ತಪ್ಪಿದರೆ ಉಳಿಯುವುದೇನು? ಪರೀಕ್ಷೆ ಮಾಡದೆ ನಂಬಲಿಕ್ಕಾಗದು. ಅದನ್ನು ಮುಂದೆ ಹೇಳುತ್ತೇನೆ.

ಸೆನ್ಸರಿಗೂ ಪ್ರೊಸೆಸರಿಗೂ ನಡುವೆ ಎರಡೇ ಎಳೆ. ಒಂದರಲ್ಲಿ ತಾಳ, ಇನ್ನೊಂದರಲ್ಲಿ ಮಾತು. ಇದಕ್ಕೆ ಐ-ಸ್ಕ್ವೇರ್-ಸಿ ಎಂದು ಹೆಸರು. ತಾಳದ ಒಂದೊಂದು ಪೆಟ್ಟಿಗೆ ಒಂದೊಂದು ಬಿಟ್ ದಾಟುತ್ತದೆ. ಒಂದೇ ಜೋಡಿ ಎಳೆಯಲ್ಲಿ ಹಲವು ಐಸಿ ಇರಬಹುದು. ಹಟ್ಟಿಯಲ್ಲಿ ಹೆಸರು ಕರೆದ ದನ ಮಾತ್ರ ತಲೆಯೆತ್ತುವಂತೆ, ವಿಳಾಸ ಕೂಗಿದಾಗ ಆ ವಿಳಾಸದ ಐಸಿ ಮಾತ್ರ ಉತ್ತರ ಕೊಡುತ್ತದೆ. ಎಲ್‌ಎಂ75ರ ಮೂರು ಕಾಲುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಎಂಟು ವಿಳಾಸ ಕೊಡಬಹುದು. ಕಡ್ಡಿಯೊಳಗೆ ಇರುವುದು ಒಂದೇ ಆದ್ದರಿಂದ ಆ ಗೋಜಿಲ್ಲ.

ಇನ್ನು ಹಲಗೆಯಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಸೆಲ್ಲು ಇಲ್ಲ. ಬರೆದಿಡುವ ಮೆಮೊರಿ ಇಲ್ಲ. ಗಡಿಯಾರ ಇಲ್ಲ. ಹೆಸರು ಲಾಗರ್ ಆದರೂ ಬರೆದಿಡುವುದು ಈ ಕಡ್ಡಿಯಲ್ಲ, ಅದನ್ನು ಸಿಕ್ಕಿಸಿದ ಕಂಪ್ಯೂಟರು. ಕೇಳಿದಾಗ ಈಗಿನ ಬಿಸಿ ಹೇಳುವುದಷ್ಟೆ ಕಡ್ಡಿಯ ಕೆಲಸ. ತನ್ನದೇ ಸೆಲ್ಲು, ಮೆಮೊರಿ, ಗಡಿಯಾರ ಇರುವ ಲಾಗರುಗಳೂ ಸಿಗುತ್ತವೆ. ಲಸಿಕೆ, ಮೀನು ಸಾಗಿಸುವವರು ಪೆಟ್ಟಿಗೆಯೊಳಗೆ ಹಾಕಿ ಬಿಡುವುದು ಅಂಥದ್ದನ್ನು. ಅದು ಬೇರೆ ಜಾತಿ. ನಾನು ಇವೆರಡರ ವ್ಯತ್ಯಾಸವನ್ನು ಅಂದು ಓದಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ.

ಕಂಪ್ಯೂಟರಿನ ಬಿಸಿಯನ್ನೇ ಅಳೆದದ್ದು

ಮೊದಲ ದಿನ ಕಡ್ಡಿಯನ್ನು ನೇರ ಬೋರ್ಡಿಗೆ ಸಿಕ್ಕಿಸಿದೆ. ಗೋಡೆಯ ಥರ್ಮಾಮೀಟರಿನಲ್ಲಿ 27 ಇದ್ದರೆ ಇದು 31 ಹೇಳಿತು. ಕಾರಣ ಸುಲಭ. ಬೋರ್ಡಿನ ಬಿಸಿ ಯುಎಸ್‌ಬಿಯ ಲೋಹದ ಮೂತಿಯಿಂದ ಸೀದಾ ಸೆನ್ಸರಿಗೆ ಹೋಗುತ್ತದೆ. ನಡುವೆ ಒಂದು ಎಕ್ಸ್‌ಟೆನ್ಶನ್ ಕೇಬಲ್ ಹಾಕಿದ ಮೇಲೆ ಸರಿಯಾಯಿತು. ಡ್ರೈಯರಿನೊಳಗೆ ತೂಗಿಬಿಡಲಿಕ್ಕೂ ಕೇಬಲ್ ಬೇಕಿತ್ತು.

ಕೇಬಲನ್ನು ಎಷ್ಟು ಉದ್ದವೂ ಎಳೆಯುವ ಹಾಗಿಲ್ಲ. ಯುಎಸ್‌ಬಿ ಕೇಬಲಿನಲ್ಲಿ ನಾಲ್ಕು ತಂತಿ. ಕೆಂಪು 5 ವೋಲ್ಟ್, ಕಪ್ಪು ಅರ್ಥ್, ಬಿಳಿ ಮತ್ತು ಹಸಿರು ಮಾತಿಗೆ. ನಮ್ಮ ಕಡ್ಡಿ ಯುಎಸ್‌ಬಿಯ ನಿಧಾನ ವರ್ಗದ್ದು, ಸೆಕೆಂಡಿಗೆ 15 ಲಕ್ಷ ಬಿಟ್. ಈ ವರ್ಗಕ್ಕೆ ಲೆಕ್ಕದ ಪ್ರಕಾರ 3 ಮೀಟರ್ ಮಿತಿ. ಮನೆಯ ಚಾವಡಿಯಲ್ಲಿ ಕಂಪ್ಯೂಟರ್ ಇಟ್ಟು ಕೊಟ್ಟಿಗೆಗೆ ತಂತಿ ಎಳೆಯುವ ನನ್ನ ಆಸೆ ಅಲ್ಲಿಗೇ ಮುಗಿಯಿತು. ಬೋರ್ಡನ್ನೇ ಕೊಟ್ಟಿಗೆಯ ಮಾಡಿನ ಅಡಿ ಒಂದು ಡಬ್ಬಿಯಲ್ಲಿ ಇಟ್ಟೆ.

ಡ್ರೈಯರಿನೊಳಗೆ ಬಿಸಿಗಿಂತ ಹಬೆಯೇ ಕಡ್ಡಿಗೆ ಶತ್ರು. ತೆಳು ಪಾಲಿಥೀನ್ ತೊಟ್ಟೆಯೊಳಗೆ ಹಾಕಿ, ಬಾಯಿ ಕೆಳಗಾಗಿ ರಬ್ಬರ್ ಬ್ಯಾಂಡ್ ಬಿಗಿದು ಎರಡನೇ ಟ್ರೇಯ ಮಟ್ಟಕ್ಕೆ ತೂಗಿಸಿದೆ. ತೊಟ್ಟೆ ಇದ್ದರೆ ಬಿಸಿ ತಿಳಿಯಲು ಕೆಲವು ನಿಮಿಷ ತಡ. ಜಾಯಿಕಾಯಿಗೆ ಆ ತಡದಿಂದ ಏನೂ ಆಗಲಿಕ್ಕಿಲ್ಲ.

ಕೀಬೋರ್ಡಿನ ವೇಷ

ಕಡ್ಡಿ ಸಿಕ್ಕಿಸಿ ಲಿನಕ್ಸಿನಲ್ಲಿ ಎಲ್‌ಎಸ್‌ಯುಎಸ್‌ಬಿ ಎಂದು ಕೇಳಿದರೆ ಅದರ ಗುರುತಿನ ಸಂಖ್ಯೆ ಬರುತ್ತದೆ: 0ಸಿ45:7401. ಮೊದಲ ನಾಲ್ಕು ಅಕ್ಷರ ಕಂಪೆನಿಯದ್ದು, ಮತ್ತಿನ ನಾಲ್ಕು ಮಾಲಿನದ್ದು. ಎಲ್ಲ ಯುಎಸ್‌ಬಿ ಸಾಮಾನಿಗೂ ಇಂಥ ಸಂಖ್ಯೆ ಇದ್ದೇ ಇರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೂ ವಿವರ ಕೇಳಿದರೆ ಗಮ್ಮತ್ತು. ತಾನು ಒಂದು ಕೀಬೋರ್ಡು ಮತ್ತು ಒಂದು ಮೌಸು ಎಂದು ಕಡ್ಡಿ ಪರಿಚಯ ಹೇಳಿಕೊಳ್ಳುತ್ತದೆ! ಇದು ಮೋಸವಲ್ಲ, ಉಪಾಯ. ಕೀಬೋರ್ಡು, ಮೌಸುಗಳಿಗೆ ಬೇಕಾದ ಡ್ರೈವರ್ ಎಲ್ಲ ಕಂಪ್ಯೂಟರಿನಲ್ಲೂ ಮೊದಲೇ ಇರುತ್ತದೆ. ಆ ವರ್ಗಕ್ಕೆ ಎಚ್‌ಐಡಿ ಎಂದು ಹೆಸರು. ಅದರಲ್ಲಿ ಸೇರಿಕೊಂಡರೆ ಬೇರೆ ಡ್ರೈವರಿನ ರಗಳೆ ಇಲ್ಲ. ಮದುವೆ ಮನೆಗೆ ದಿಬ್ಬಣದ ಜತೆ ಸೇರಿ ಒಳಗೆ ಹೋದ ಹಾಗೆ.

ಹೀಗೆ ಒಂದೇ ಕಡ್ಡಿಗೆ ಲಿನಕ್ಸಿನಲ್ಲಿ ಎರಡು ಬಾಗಿಲು ಕಾಣುತ್ತವೆ. ಮೊದಲ ಬಾಗಿಲಲ್ಲಿ ಎಷ್ಟು ಕೂಗಿದರೂ ಉತ್ತರವಿಲ್ಲ. ಒಂದಿಡೀ ಸಂಜೆ ಅಲ್ಲಿಯೇ ಕೂಗಿದೆವು. ಎರಡನೆಯದ್ದರಲ್ಲಿ ಕೇಳಿದ ಕೂಡಲೇ ಓಗೊಟ್ಟಿತು.

ಕೇಳುವುದು ಹೇಗೆ? ನಿಧಾನ ವರ್ಗದಲ್ಲಿ ಒಂದು ಸಲಕ್ಕೆ ದಾಟುವುದು ಹೆಚ್ಚೆಂದರೆ 8 ಬೈಟ್. ನಾವು ಕಳಿಸುವ ಪ್ರಶ್ನೆ ಹೀಗಿದೆ:

01 80 33 01 00 00 00 00

ಲಿನಕ್ಸಿನ ಆ ಬಾಗಿಲಿಗೆ ಬರೆಯುವಾಗ ಇದರ ಮುಂದೆ ಇನ್ನೊಂದು 00 ಸೇರಿಸಿ ಒಂಬತ್ತು ಬೈಟ್ ಮಾಡಬೇಕು. ಆ ಸೊನ್ನೆ ಕಡ್ಡಿಗಲ್ಲ, ಬಾಗಿಲು ಕಾಯುವವನಿಗೆ. ಕಡ್ಡಿಯಿಂದ ಎಂಟು ಬೈಟಿನ ಉತ್ತರ ಬರುತ್ತದೆ. ನಮಗೆ ಬಂದ ಒಂದು ಉತ್ತರ:

80 02 29 40 65 72 46 31

ಇದರಲ್ಲಿ ಬಿಸಿ ಇರುವುದು ಮೂರನೆಯ ಮತ್ತು ನಾಲ್ಕನೆಯ ಬೈಟಿನಲ್ಲಿ, ಅಂದರೆ 29 40. ಆದರೆ ಇದು 29.40 ಡಿಗ್ರಿಯಲ್ಲ. ಇದು ಹದಿನಾರರ ಲೆಕ್ಕ. ಹಿರಿಯರಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ. 1957ರ ವರೆಗೆ ನಮ್ಮ ರೂಪಾಯಿಯಲ್ಲಿ 16 ಆಣೆ ಇತ್ತಲ್ಲ, ಅದೇ ಲೆಕ್ಕ. 29 ಎಂದರೆ 2 ರೂಪಾಯಿ 9 ಆಣೆ. ಒಟ್ಟು ಆಣೆ ಎಷ್ಟು? ಎರಡು ಹದಿನಾರಲೆ ಮೂವತ್ತೆರಡು, ಅದಕ್ಕೆ ಒಂಬತ್ತು ಕೂಡಿಸಿ 41. ಅಷ್ಟು ಪೂರ್ಣ ಡಿಗ್ರಿ. 40 ಎಂದರೆ 4 ರೂಪಾಯಿ 0 ಆಣೆ, 64 ಆಣೆ. ಇದು ಡಿಗ್ರಿಯ 256ರಲ್ಲಿ ಪಾಲು. 64ನ್ನು 256ರಿಂದ ಭಾಗಿಸಿದರೆ ಕಾಲು. ಅಲ್ಲಿಗೆ 41.25 ಡಿಗ್ರಿ. ಚಿಕ್ಕಪ್ಪ ಇದನ್ನು ನನಗಿಂತ ಬೇಗ ಬಾಯಲ್ಲೇ ಹೇಳಿದರು. ಅವರ ಶಾಲೆಯ ದಿನಗಳಲ್ಲಿ ಆಣೆಯ ಮಗ್ಗಿ ಇನ್ನೂ ನಡೆಯುತ್ತಿತ್ತು.

ಹತ್ತರಿಂದ ಹದಿನೈದು ಆಣೆಯನ್ನು ಒಂದೇ ಅಕ್ಷರದಲ್ಲಿ ಬರೆಯಲು ಎ, ಬಿ, ಸಿ, ಡಿ, ಇ, ಎಫ್ ಬಳಸುತ್ತಾರೆ. ಗುರುತಿನ ಸಂಖ್ಯೆಯಲ್ಲಿ ಸಿ ಬಂದದ್ದು ಹಾಗೆ.

ಕೊನೆಯ ನಾಲ್ಕು ಬೈಟು 65 72 46 31 ನಮ್ಮ ತಲೆ ತಿಂದವು. ತೇವಾಂಶವೋ, ಲೆಕ್ಕ ತಪ್ಪದ ಹಾಗೆ ನೋಡುವ ಚೆಕ್‌ಸಮ್ಮೋ ಎಂದು ಎರಡು ದಿನ ಜಗಳಾಡಿದೆವು. ಕಡ್ಡಿಯ ಹೆಸರು ಕೇಳುವ ಪ್ರಶ್ನೆ ಬೇರೆ ಉಂಟು, 01 86 ಎಫ್‌ಎಫ್ 01 ಎಂದು ಶುರುವಾಗುವುದು. ಅದನ್ನು ಕೇಳಿದಾಗ ಟೆಂಪರ್‌ಎಫ್1.4 ಎಂಬ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಬಂತು. ಆ ಹೆಸರಿನ ಐದರಿಂದ ಎಂಟನೆಯ ಅಕ್ಷರಗಳೇ ಈ ನಾಲ್ಕು ಬೈಟು! ಬಿಸಿ ಹೇಳಲು ಮೊದಲ ನಾಲ್ಕು ಜಾಗ ಸಾಕು. ಉಳಿದ ನಾಲ್ಕರಲ್ಲಿ ಒಳಗಿದ್ದ ಹಳೆಯ ಬರಹವೇ ಹಾಗೆ ಹೊರಗೆ ಬಂದಿದೆ. ಅರ್ಧ ಒರೆಸಿದ ಸ್ಲೇಟು. ಅರ್ಥವಿಲ್ಲದ್ದಕ್ಕೆ ಅರ್ಥ ಹುಡುಕಿದ್ದಾಯಿತು.

ಐಸು ಮತ್ತು ಜ್ವರದ ಥರ್ಮಾಮೀಟರ್

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎರಡು. ಮೊದಲನೆಯದ್ದು, ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿ ಮಾಡಿದ ಐಸು ಮತ್ತು ಸ್ವಲ್ಪ ನೀರು. ಐಸು ಕರಗುತ್ತಿರುವಷ್ಟು ಹೊತ್ತೂ ಅದು 0 ಡಿಗ್ರಿ. ಕಡ್ಡಿಯನ್ನು ತೊಟ್ಟೆಯಲ್ಲಿ ಬಿಗಿದು ಅದರಲ್ಲಿ ಇಳಿಸಿದರೆ ನಮ್ಮ ಪ್ರೋಗ್ರಾಮು 255.9375 ಎಂದಿತು. ಐಸಿನಲ್ಲಿ ಇನ್ನೂರೈವತ್ತಾರು! ಕಡ್ಡಿಯ ತಪ್ಪಲ್ಲ. ಸೊನ್ನೆಗಿಂತ ಕೆಳಗೆ ಇಳಿದಾಗ ಅದು ಹಳೆಯ ಕಾರಿನ ಮೀಟರನ್ನು ಹಿಂದಕ್ಕೆ ತಿರುಗಿಸಿದಂತೆ ಎಫ್‌ಎಫ್‌ಗೆ ಹೋಗುತ್ತದೆ. ಪೂರ್ಣ ಡಿಗ್ರಿಯ ಬೈಟು 128 ಅಥವಾ ಮೇಲೆ ಇದ್ದರೆ 256 ಕಳೆಯಬೇಕು. ಕಳೆದಾಗ ಸಿಕ್ಕಿದ್ದು ಸೊನ್ನೆಗಿಂತ 0.0625 ಕೆಳಗೆ. ಚೆನ್ನಾಗಿಯೇ ಇತ್ತು.

ಎರಡನೆಯದ್ದು ನಮಗೆ ಹೆಚ್ಚು ಮುಖ್ಯ. ಮನೆಯಲ್ಲಿರುವ ಅಳತೆಗಳಲ್ಲಿ ಹೆಚ್ಚು ನಂಬಬಹುದಾದ್ದು ಜ್ವರ ನೋಡುವ ಥರ್ಮಾಮೀಟರ್. ಅದು 42 ಡಿಗ್ರಿವರೆಗೆ ಹೇಳುತ್ತದೆ. ನಮ್ಮ ಡ್ರೈಯರಿನ ಬಿಸಿಯೂ ಅದರ ಆಸುಪಾಸು. ಉಗುರು ಬೆಚ್ಚಗಿನ ನೀರಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ಕಲಕುತ್ತಾ ನೋಡಿದೆ. ಜ್ವರದ್ದು 40.5 ಹೇಳಿದಾಗ ಕಡ್ಡಿ 41.25. ಮುಕ್ಕಾಲು ಡಿಗ್ರಿ ಹೆಚ್ಚು. ಐಸಿನಲ್ಲಿ ಸರಿ, 40ರಲ್ಲಿ ಮುಕ್ಕಾಲು ಜಾಸ್ತಿ. ನಮಗೆ ಐಸಿನಲ್ಲಿ ಕೆಲಸವಿಲ್ಲದ ಕಾರಣ ಮುಕ್ಕಾಲು ಕಳೆದು ಓದುವುದು ಎಂದು ಗೋಡೆಯಲ್ಲಿ ಬರೆದಿಟ್ಟೆ.

ಡ್ರೈಯರ್ ಸುಡುತ್ತಿದೆ, ಕಡ್ಡಿ ಹದಿನೇಳು ಹೇಳುತ್ತಿದೆ

2023ರ ಜುಲೈಯಲ್ಲಿ ಹತ್ತಿರದ ಕೃಷಿಕರೊಬ್ಬರು ಅಂಥದ್ದೇ ಕಡ್ಡಿ ತರಿಸಿದರು. ನೋಡಲು ಒಂದೇ ಥರ. ನನ್ನ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ಕೊಟ್ಟೆ. ಗುರುತಿನ ಸಂಖ್ಯೆ ಬೇರೆ ಬಂತು, ಅವರ ಮಗ ಅದನ್ನು ಮಾತ್ರ ಬದಲಾಯಿಸಿ ಓಡಿಸಿದ. ಸಂಜೆ ಫೋನು: “ಅಣ್ಣ, ಡ್ರೈಯರಿನ ಒಳಗೆ ಕೈ ಇಡ್ಲಿಕ್ಕೆ ಆಗುದಿಲ್ಲ. ಇದು ಹದಿನೇಳೂವರೆ ಹೇಳ್ತದೆ. ಕಟ್ಟಿಗೆ ಹಾಕ್ಲಾ ಬೇಡ್ವಾ?”

“ಹಾಕ್ಬೇಡಿ ಮಾರಾಯ್ರೆ, ಇದ್ದದ್ದನ್ನೂ ಎಳೀರಿ” ಎಂದು ಹೇಳಿ ಬೈಕು ಹತ್ತಿದೆ.

ಅವರ ಕಡ್ಡಿಯ ಸಂಖ್ಯೆ 413ಡಿ:2107. ಪ್ರಶ್ನೆ ಅದೇ 01 80 33 01. ಉತ್ತರ ಮಾತ್ರ ಹೀಗಿತ್ತು:

80 80 11 94 4ಇ 20 00 00

ಹಳೆಯ ಲೆಕ್ಕದಲ್ಲಿ 11 ಎಂದರೆ 17, 94 ಎಂದರೆ 148, ಅದನ್ನು 256ರಿಂದ ಭಾಗಿಸಿ ಒಟ್ಟು 17.58 ಆಗುತ್ತದೆ. ಆದರೆ ಈ ಹೊಸ ಜಾತಿಯಲ್ಲಿ ಲೆಕ್ಕವೇ ಬೇರೆ. ಎರಡೂ ಬೈಟನ್ನು ಸೇರಿಸಿ ಒಂದೇ ದೊಡ್ಡ ಸಂಖ್ಯೆ ಮಾಡಿ 100ರಿಂದ ಭಾಗಿಸಬೇಕು. 17ನ್ನು 256ರಿಂದ ಗುಣಿಸಿ 148 ಕೂಡಿಸಿದರೆ 4500. ನೂರರಿಂದ ಭಾಗಿಸಿದರೆ ಸರಿಯಾಗಿ 45 ಡಿಗ್ರಿ. ಮುಂದಿನ 4ಇ 20 ಎಂದರೆ 20000, ಅಂದರೆ 200 ಡಿಗ್ರಿ. ಹೊರಗಿನ ಎರಡನೇ ಸೆನ್ಸರ್ ಇಲ್ಲದ ಕಡ್ಡಿಗಳಲ್ಲಿ ಆ ಜಾಗ ತುಂಬಲು ಬರುವ ಸಂಖ್ಯೆ ಅದು. ಅದನ್ನು ನೋಡಿ ಯಾರೂ ಹೆದರಬೇಕಾದ್ದಿಲ್ಲ.

ಆ ಹುಡುಗ ಕೈಯನ್ನು ನಂಬಿದ ಕಾರಣ ಕಾಯಿ ಉಳಿಯಿತು. ಹದಿನೇಳನ್ನು ನಂಬಿ ಗೆರಟೆ ಸುರಿದಿದ್ದರೆ ಆ ಟ್ರೇಗಳ ಕತೆ ಮುಗಿಯುತ್ತಿತ್ತು. ತಪ್ಪು ನನ್ನದು. ಗುರುತಿನ ಸಂಖ್ಯೆ ಬೇರೆಯಾದರೆ ಭಾಷೆಯೂ ಬೇರೆಯಾಗಬಹುದೆಂದು ಹೇಳಿ ಕೊಡಬೇಕಿತ್ತು. ಈಗ ಪ್ರೋಗ್ರಾಮಿನಲ್ಲಿ ಮೊದಲು ಸಂಖ್ಯೆ ನೋಡಿ, ಗೊತ್ತಿಲ್ಲದ್ದಾದರೆ ಬಿಸಿ ಹೇಳಲೇಬಾರದು ಎಂದು ಮಾಡಿದ್ದೇವೆ.

ಚಿಕ್ಕಪ್ಪನ ಪಾಳಿ

ಇದಕ್ಕೆ ಒಂದು ವರ್ಷ ಮೊದಲು, 2022ರ ಆಗಸ್ಟಿನಲ್ಲಿ ನಡೆದದ್ದನ್ನು ಬರೆಯಲು ಸ್ವಲ್ಪ ನಾಚಿಕೆಯೇ.

ಕಡ್ಡಿ ನಿಮಿಷಕ್ಕೊಂದು ಸಾಲು ಬರೆಸುತ್ತಿತ್ತು. ದಿನಕ್ಕೆ 1440 ಸಾಲು. ಒಂದು ಬೆಳಗ್ಗೆ ಟ್ರೇ ತೆಗೆದಾಗ ಕೆಳಗಿನ ಎರಡು ಟ್ರೇ ಎಣ್ಣೆ ಬಿಟ್ಟಿತ್ತು. ಫೈಲು ತಂದು ಲ್ಯಾಪ್‌ಟಾಪಿನ ಶೀಟಿಗೆ ಹಾಕಿ, ಸಮಯದ ಪ್ರಕಾರ ಜೋಡಿಸಿ ನೋಡಿದೆ. ರಾತ್ರಿ 12.20ಕ್ಕೆ 39 80, ಅಂದರೆ 57.5 ಡಿಗ್ರಿ. ಸುಮಾರು ಒಂದು ಗಂಟೆ 50ರ ಮೇಲೆಯೇ ನಿಂತಿತ್ತು. ಒಂದು ಗಂಟೆಯವರೆಗೆ ಯಾರ ಪಾಳಿ? ಚಿಕ್ಕಪ್ಪನದು.

ತಿಂಡಿಯ ಹೊತ್ತಿಗೆ ಎಲ್ಲರ ಎದುರೇ ಕೇಳಿದೆ. “ಚಿಕ್ಕಪ್ಪ, ನಿನ್ನೆ ಹನ್ನೆರಡಕ್ಕೆ ಇಷ್ಟು ಯಾಕೆ ಹಾಕಿದಿರಿ?” ಅವರಿಗೆ 73 ವರ್ಷ. “ನಾನು ಹಾಕ್ಲಿಲ್ಲ. ನಾನು ಏಳುವಾಗ ಬೆಂಕಿ ಸಣ್ಣದಿತ್ತು” ಎಂದರು. ನಾನು ಶೀಟು ತೋರಿಸಿದೆ. “ಹಾಗಾದ್ರೆ ನಿನ್ನ ಕಂಪ್ಯೂಟರೇ ಹೇಳಿದ ಮೇಲೆ ನಾನೆಂತ ಹೇಳುದು” ಎಂದು ಕೈತೊಳೆದು ಎದ್ದರು. ಆ ರಾತ್ರಿ ಡ್ರೈಯರಿನ ಹತ್ತಿರ ಬರಲಿಲ್ಲ. ಮರುದಿನವೂ ಇಲ್ಲ. ಅಂಗಳದಾಚೆಯ ಮನೆಯಲ್ಲಿದ್ದೂ ಚಿಕ್ಕಮ್ಮನ ಹತ್ತಿರ ಮಾತ್ರ ಹೇಳಿ ಕಳಿಸುತ್ತಿದ್ದರು.

ಮೂರನೆಯ ದಿನ ಬೆಳಗ್ಗೆ ಎಂಟಕ್ಕೆ ಬೋರ್ಡಿನ ಗಡಿಯಾರ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಬೆಳಗ್ಗೆ 5.12 ತೋರಿಸುತ್ತಿತ್ತು. ಎರಡು ಗಂಟೆ ನಲವತ್ತೆಂಟು ನಿಮಿಷ ಹಿಂದೆ!

ಆಗ ಮೂಲ ಫೈಲನ್ನು, ಜೋಡಿಸದೆ, ಬರೆದ ಸಾಲಿನಲ್ಲೇ ಓದಿದೆ. 11.50, 11.51, 11.52 ಎಂದು ಹೋಗುತ್ತಿದ್ದ ಸಾಲು ಫಕ್ಕನೆ 11.18ಕ್ಕೆ ಹಿಂದೆ ಜಿಗಿದಿತ್ತು. ಆ ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿತ್ತು. ದೊಡ್ಡ ಕಂಪ್ಯೂಟರುಗಳ ಒಳಗೆ ಗಡಿಯಾರ ನಡೆಸಲೆಂದೇ ನಾಣ್ಯದಂಥ ಸೆಲ್ಲು ಇರುತ್ತದೆ. ರಾಸ್ಪ್‌ಬೆರಿ ಪೈಯಲ್ಲಿ ನಾಲ್ಕನೇ ಮಾದರಿಯವರೆಗೂ ಆ ಏರ್ಪಾಡಿಲ್ಲ. ಇಂಟರ್‌ನೆಟ್ ಇದ್ದರೆ ಅಲ್ಲಿಂದ ಸಮಯ ತೆಗೆದುಕೊಳ್ಳುತ್ತದೆ, ನಮ್ಮ ಕೊಟ್ಟಿಗೆಯಲ್ಲಿ ಅದೂ ಇಲ್ಲ. ನಾನೇ ಮೊಬೈಲು ನೋಡಿ ಇಟ್ಟ ಸಮಯ ಅದು. ಇಂಥ ಬೋರ್ಡು ಆಗಾಗ ಈಗಿನ ಹೊತ್ತನ್ನು ಕಾರ್ಡಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ನನ್ನದರಲ್ಲಿ ಗಂಟೆಗೊಮ್ಮೆ. ಕರೆಂಟು ಬಂದ ಮೇಲೆ ಕೊನೆಗೆ ಬರೆದ ಹೊತ್ತಿನಿಂದಲೇ, ಏನೂ ಆಗಿಲ್ಲವೆಂಬಂತೆ ಲೆಕ್ಕ ಮುಂದುವರಿಸುತ್ತದೆ. ಕೊನೆಗೆ ಬರೆದದ್ದು 11.17ಕ್ಕೆ. ಕರೆಂಟು ಬಂದದ್ದು ರಾತ್ರಿ 2.05ಕ್ಕೆ. ಇದು ನನಗೆ ನೆನಪಿತ್ತು, ಅಂಗಳದ ಲೈಟು ಹತ್ತಿದಾಗ ಮೊಬೈಲು ನೋಡಿದ್ದೆ. ಅಲ್ಲಿಗೂ ಅದೇ ಎರಡು ಗಂಟೆ ನಲವತ್ತೆಂಟು ನಿಮಿಷ.

12.20ಕ್ಕೆ ಅಷ್ಟು ಕೂಡಿಸಿ. ಮೂರು ಗಂಟೆ ಎಂಟು ನಿಮಿಷ. ನನ್ನ ಪಾಳಿ. ಬೆಂಕಿ ಸಣ್ಣದಾಗಿದೆ ಎಂದು ಎರಡೂಕಾಲರ ಹೊತ್ತಿಗೆ ಒಂದು ಹಲಸಿನ ಕೊರಡು, ಅದರ ಮೇಲೆ ಎರಡು ಬುಟ್ಟಿ ಗೆರಟೆ ಹಾಕಿ ಮಲಗಿದವನು ನಾನೇ.

ಶೀಟಿನಲ್ಲಿ ಸಮಯದ ಪ್ರಕಾರ ಜೋಡಿಸಿದ್ದೇ ಕುರುಹನ್ನು ಅಳಿಸಿದ್ದು. 11.18ರಿಂದ 11.52ರವರೆಗೆ ಪ್ರತಿ ನಿಮಿಷಕ್ಕೂ ಎರಡೆರಡು ಸಾಲು ಇತ್ತು, ಒಂದರಲ್ಲಿ 43, ಮತ್ತೊಂದರಲ್ಲಿ 36. ಗೆರೆ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. ಗಾಳಿಗೆ ಬೆಂಕಿ ಹೊಯ್ದಾಡಿರಬೇಕು ಎಂದುಕೊಂಡಿದ್ದೆ. ಕಡ್ಡಿ ಒಂದು ಸಂಖ್ಯೆಯನ್ನೂ ತಪ್ಪು ಹೇಳಿರಲಿಲ್ಲ. ಬಿಸಿಯನ್ನು ಹೇಳಿತ್ತು, ಹೊತ್ತನ್ನು ಅದು ಹೇಳುವುದೇ ಇಲ್ಲವಲ್ಲ.

ಎರಡೂ ಕಾಗದ ಹಿಡಿದುಕೊಂಡು ಚಿಕ್ಕಪ್ಪನ ಜಗಲಿಗೆ ಹೋದೆ. ಹಿಂದೆ ಜಿಗಿದ ಸಾಲು ತೋರಿಸಿದೆ. ಕನ್ನಡಕ ಹಾಕಿ ನಿಧಾನ ನೋಡಿದರು. ತಪ್ಪಾಯಿತು ಎಂದು ನಾನು ಹೇಳಿದ್ದಕ್ಕೆ ಏನೂ ಅನ್ನಲಿಲ್ಲ. ಎದ್ದು ಬರುವಾಗ, “ಇವತ್ತು ಮೊದಲ ಪಾಳಿ ನಿನ್ನದು. ನಾನು ಒಂದಕ್ಕೆ ಬರ್ತೇನೆ” ಎಂದರು.

ಈಗ ಮಾಡಿರುವುದು

ಡಿಎಸ್3231 ಎಂಬ ಗಡಿಯಾರದ ಐಸಿ ಇರುವ ಪುಟ್ಟ ಹಲಗೆ ಸಿಗುತ್ತದೆ. ನಾಣ್ಯದ ಸೆಲ್ಲಿನಲ್ಲಿ ನಡೆಯುತ್ತದೆ, ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ತಪ್ಪಬಹುದು. ಕಡ್ಡಿಯೊಳಗಿನ ಸೆನ್ಸರಿನ ಹಾಗೆ ಇದೂ ಎರಡು ಎಳೆಯಲ್ಲಿ ಮಾತಾಡುವುದು. ಅದನ್ನು ಬೋರ್ಡಿಗೆ ಸೇರಿಸಿದ್ದೇನೆ. 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ ಐದನೇ ಮಾದರಿಯಲ್ಲಿ ಗಡಿಯಾರ ಒಳಗೇ ಉಂಟು, ಆದರೆ ಸೆಲ್ಲನ್ನು ಬೇರೆ ತಂದು ಸಿಕ್ಕಿಸಬೇಕು.

ಅದಲ್ಲದೆ ಪ್ರತಿ ಸಾಲಿಗೂ ಸಮಯದ ಜತೆ ಒಂದು ಕ್ರಮಸಂಖ್ಯೆ ಬರೆಸುತ್ತೇನೆ. ಗಡಿಯಾರ ಕೈಕೊಟ್ಟರೂ ಯಾವುದು ಮೊದಲು ಯಾವುದು ಮತ್ತೆ ಎಂಬುದು ಉಳಿಯುತ್ತದೆ. ಬೋರ್ಡು ಹೊಸದಾಗಿ ಶುರುವಾದಾಗಲೆಲ್ಲ ‘ಶುರು’ ಎಂದು ಒಂದು ಸಾಲು ಬೇರೆಯೇ ಬೀಳುತ್ತದೆ. ಎಂಟು ಬೈಟಿನ ಉತ್ತರವನ್ನೂ ಲೆಕ್ಕ ಮಾಡಿದ ಡಿಗ್ರಿಯ ಪಕ್ಕದಲ್ಲಿ ಇದ್ದ ಹಾಗೇ ಬರೆಸುತ್ತೇನೆ. ಭಾಗಿಸುವ ಲೆಕ್ಕ ತಪ್ಪಿದೆಯೆಂದು ಮುಂದೆ ಗೊತ್ತಾದರೂ ಹಳೆಯ ಫೈಲು ದಂಡವಾಗದು. ಗಾಜಿನ ಥರ್ಮಾಮೀಟರನ್ನು ಬಾಗಿಲಿನಿಂದ ತೆಗೆದಿಲ್ಲ. ಚಿಕ್ಕಪ್ಪ ಪಾಳಿ ಬಿಡುವಾಗ ಅದನ್ನು ನೋಡಿ ಸೀಮೆಸುಣ್ಣದಲ್ಲಿ ಗಂಟೆ ಮತ್ತು ಡಿಗ್ರಿ ಗೋಡೆಯ ಮೇಲೆ ಬರೆದು ಹೋಗುತ್ತಾರೆ, ನಾನೂ ಬರೆಯುತ್ತೇನೆ.

ಪ್ರೋಗ್ರಾಮು ಉದ್ದವಿಲ್ಲ, ಮೂವತ್ತು ಸಾಲು. ಬೇಕಾದವರು ಬಂದರೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟೇನು. ಬರುವಾಗ ನಿಮ್ಮ ಕಡ್ಡಿಯನ್ನೂ ಮನೆಯ ಜ್ವರದ ಥರ್ಮಾಮೀಟರನ್ನೂ ತನ್ನಿ. ಗುರುತಿನ ಸಂಖ್ಯೆ 0ಸಿ45:7401 ಅಥವಾ 413ಡಿ:2107 ಆದರೆ ಅರ್ಧ ಗಂಟೆಯ ಕೆಲಸ. ಬೇರೆಯಾದರೆ ಮಧ್ಯಾಹ್ನದ ಊಟಕ್ಕೆ ಇಲ್ಲೇ ನಿಲ್ಲಬೇಕಾದೀತು.